ಮೂಲೆಯಲ್ಲಿದ್ದ ಒಂದಿಂಚು

ಗಾಜಿನ ಮೇಲೆ ಕಾಗದವಿಟ್ಟು ಹೂವು ಇಳಿಸಿಕೊಳ್ಳುವ ವಿದ್ಯೆ ನನಗೆ ಚಿಕ್ಕಂದಿನಲ್ಲೇ ಬಂದಿತ್ತು. ಮಡಕಶಿರಾ ಹತ್ತಿರದ ನಮ್ಮ ಊರಿನಲ್ಲಿ ಗಾಜಿನ ಕಿಟಕಿ ಇದ್ದದ್ದು ಹಾಲಿನ ಸೊಸೈಟಿಯ ಕಟ್ಟಡಕ್ಕೆ ಮಾತ್ರ. ಯಾರದೋ ಮನೆಯ ದಿಂಬಿನ ಮೇಲಿನ ಕಸೂತಿ ಕಣ್ಣಿಗೆ ಬಿದ್ದರೆ ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ತರುತ್ತಿದ್ದೆವು. ಬೆಳಗಿನ ಬಿಸಿಲು ಹಾಯುವ ಆ ಕಿಟಕಿಗೆ ಬಟ್ಟೆಯನ್ನು ಒಳಗಿನಿಂದ ಒತ್ತಿ ಹಿಡಿಯುವವಳು ಅಕ್ಕ, ತೆಳು ಕಾಗದ ಇಟ್ಟು ಪೆನ್ಸಿಲ್ ಎಳೆಯುವವಳು ನಾನು. ಹಾಲು ಅಳೆಯುವವರು ಬಂದು ಬೈಯುವಷ್ಟರಲ್ಲಿ ನಮ್ಮ ನವಿಲು ಬಾಲದವರೆಗೆ ಬಂದಿರುತ್ತಿತ್ತು.

ರಾಯದುರ್ಗಕ್ಕೆ ಸೊಸೆಯಾಗಿ ಬಂದ ಮೇಲೆ ಕಲಿತದ್ದು ಎರಡು. ಮಾತಿನ ಕೊನೆಗೆ 'ರಿ' ಸೇರಿಸುವುದು, ಮತ್ತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವುದು. ಮೊದಲನೆಯದು ಬಾರದೆ ಅತ್ತೆಯ ಮುಂದೆ ಬಹಳ ದಿನ ನಾಚಿಕೆಪಟ್ಟೆ. ಎರಡನೆಯದು ಒಂದೇ ದಿನಕ್ಕೆ ಬಂತು, ಏಕೆಂದರೆ ಅದರಲ್ಲಿ ಕಲಿಯುವುದು ಏನೂ ಇಲ್ಲ. ಹೊಲಿದು ಬಂದ ಪ್ಯಾಂಟಿನ ಅಂಚಿನಲ್ಲಿ ನೇತಾಡುವ ದಾರವನ್ನು ಪುಟ್ಟ ಕತ್ತರಿಯಿಂದ ಕಚಕ್ ಎನ್ನಿಸುವುದು, ಇನ್ನೊಂದನ್ನು ಎತ್ತಿಕೊಳ್ಳುವುದು. ಹದಿನಾಲ್ಕು ಮಿಷನ್ನುಗಳ ಆ ಶೆಡ್ಡಿನಲ್ಲಿ ದಾರದ ಮೂಲೆ ನಮ್ಮಂಥ ಹೆಂಗಸರದು. ನಡುವಿನ ದೊಡ್ಡ ಮೇಜು ಕಟಿಂಗ್ ಮಾಸ್ಟರದು.

ಮಾಸ್ಟರು ಆ ಮೇಜಿನ ಹಿಂದೆ ಮೂವತ್ತು ವರ್ಷ ನಿಂತವರು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ರಟ್ಟಿನ ಪ್ಯಾಟರ್ನು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕಟಿಂಗ್ ಮಿಷನ್ನನ್ನು ಆ ಗೆರೆಯ ಮೇಲೆ ನಡೆಸುತ್ತಿದ್ದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಮೊಳೆಗಳ ಸಾಲು, ಒಂದೊಂದು ಮೊಳೆಗೂ ತೂತು ಹೊಡೆದ ರಟ್ಟು. ಅವರೇ ನೋಡಿ, ಬೆರಳು ಆಡಿಸಿ, ಒಪ್ಪಿದ ರಟ್ಟು ಮಾತ್ರ ಮೊಳೆ ಏರುತ್ತಿತ್ತು. ಮೊಳೆ ಏರಿದ್ದು ಪ್ಯಾಟರ್ನು, ಏರದೇ ಇದ್ದದ್ದು ಬರೀ ರಟ್ಟು. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಾನೂನು ಅದು.

ಹೀಗಿರುವಾಗ ಸಾವ್ಕಾರ್ರು, ಅಂದರೆ ನಮ್ಮ ಶೆಡ್ಡಿನ ಮಾಲಕರು, ಒಂದು ದಿನ ಒಂದು ಟ್ಯಾಬ್ ತಂದು ಮೇಜಿನ ಮೇಲಿಟ್ಟರು. ಬಳ್ಳಾರಿಯ ಆರ್ಡರಿನವರು ಇನ್ನು ಮುಂದೆ ಕಾಗದದಲ್ಲಿ ಪ್ಯಾಟರ್ನು ಕಳಿಸುವುದಿಲ್ಲವಂತೆ, ತಮ್ಮ ಆಪಿನಲ್ಲಿ ಕಳಿಸುತ್ತಾರಂತೆ. ಪ್ಯಾಂಟಿನ ಕಾಲು, ಸೊಂಟದ ತುಂಡುಗಳೆಲ್ಲ ಹಳೆಯವೇ. ಆರ್ಡರಿಗೊಮ್ಮೆ ಬದಲಾಗುತ್ತಿದ್ದದ್ದು ಹಿಂದಿನ ಜೇಬು, ಅದರ ಆಕಾರ, ಅದರ ಮೇಲಿನ ಹೊಲಿಗೆಯ ಬಳ್ಳಿ. ಒಂದು ಜೇಬು ಆ ಗಾಜಿನೊಳಗೆ ಪೂರ್ತಿ ಹಿಡಿಸುತ್ತಿತ್ತು.

"ಇದರಾಗಿಂದ ರಟ್ಟಿಗೆ ಹೆಂಗ ಇಳಸೂದ್ರಿ?" ಎಂದರು ಮಾಸ್ಟರು, ಕರೆಯದೆ ಬಂದ ನೆಂಟನನ್ನು ನೋಡುವ ಹಾಗೆ ಅದನ್ನು ನೋಡುತ್ತ.

"ಅಳತಿ ನೋಡಿ ಬರೀರಿ. ಪೂರಾ ಸೈಜಿಗೇ ಐತಂತ ಹೇಳ್ಯಾರ," ಎಂದರು ಸಾವ್ಕಾರ್ರು.

ಪೂರಾ ಸೈಜು, ಕೆಳಗೆ ಗಾಜು, ಗಾಜಿನಡಿ ಬೆಳಕು. ದಾರದ ಮೂಲೆಯಲ್ಲಿ ಕೂತಿದ್ದ ನನಗೆ ಅದು ಟ್ಯಾಬಿನ ಹಾಗೆ ಕಾಣಲೇ ಇಲ್ಲ, ಹಾಲಿನ ಸೊಸೈಟಿಯ ಕಿಟಕಿಯ ಹಾಗೆ ಕಂಡಿತು. ಮಡಿಲಲ್ಲಿದ್ದ ಪ್ಯಾಂಟು ಕೆಳಗಿಟ್ಟು ಎದ್ದು ಹೋಗಿ, "ನಾ ಇಳಿಸ್ಲೇನ್ರಿ?" ಎಂದೆ. ಇಬ್ಬರೂ ಬೇಡ ಎನ್ನಲಿಲ್ಲವಲ್ಲ, ಅದೇ ಸಾಕು ಎಂದು ಬಟರ್ ಪೇಪರ್ ಹಾಸಿ, ನಾಲ್ಕು ಮೂಲೆಗೆ ಅಂಟುಪಟ್ಟಿ ಹಾಕಿ, ಉಸಿರು ಹಿಡಿದು ಎಳೆದೆ. ಸಾವ್ಕಾರ್ರು ಸ್ಟೀಲ್ ಸ್ಕೇಲಿನಲ್ಲಿ ಅಳೆದರು. ಆಪಿನ ಪಟ್ಟಿಯಲ್ಲಿ ಬರೆದ ಅಳತೆಗೆ ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ನಾಳಿಂದ ನೀನೂ ಮೇಜಿಗೆ ನಿಂದ್ರವಾ," ಎಂದರು.

ಆ ದಿನ ಮನೆಗೆ ಹೋಗುವಾಗ ನೆಲ ಕಾಲಿಗೆ ತಾಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಮೇಜಿನ ಹತ್ತಿರ ನಿಂತ ಹೆಂಗಸು ನಮ್ಮ ಶೆಡ್ಡಿನಲ್ಲಿ ಅಲ್ಲಿಯವರೆಗೆ ಒಬ್ಬಳೂ ಇರಲಿಲ್ಲ.

ಮೊದಲ ಮೂರು ಜೇಬು ಚೆನ್ನಾಗಿ ಬಂದವು. ಎಳೆದ ಕಾಗದವನ್ನು ಅಂಟಿಸಿ ನಾನು ಕತ್ತರಿಸಿಕೊಟ್ಟ ರಟ್ಟನ್ನು ಮಾಸ್ಟರು ಕೈಗೆ ತೆಗೆದುಕೊಂಡು, ಹೂಂ ಎಂದು, ಕೆಲಸ ಮುಗಿದ ಮೇಲೆ ದಾರ ಕಟ್ಟಿ ಮೇಜಿನ ಕೆಳಗೆ ಇಡುತ್ತಿದ್ದರು. ಒಂದೂ ಮೊಳೆ ಏರಲಿಲ್ಲ. ನನಗೆ ಒಳಗೊಳಗೇ ಉರಿಯುತ್ತಿತ್ತು. ಕೇಳಬಹುದಿತ್ತು, ಆದರೆ ಕೇಳುವುದು ನನ್ನ ಜಾಯಮಾನವಲ್ಲ. ಹೀಗೆ ಕೇಳದೆ ಬಿಟ್ಟದ್ದು ಇನ್ನೂ ಒಂದಿತ್ತು. ಪ್ರತಿ ಚಿತ್ರದ ಬಲಮೂಲೆಯಲ್ಲಿ ತೆಳು ಬೂದು ಗೆರೆಯ ಒಂದು ಪುಟ್ಟ ಚೌಕ ಇರುತ್ತಿತ್ತು. ಮೊದಲ ದಿನ ಅದನ್ನೂ ಶ್ರದ್ಧೆಯಿಂದ ಇಳಿಸಿದ್ದೆ. ಆಮೇಲೆ, ಕಂಪನಿಯ ಮುದ್ರೆಯೋ ಏನೋ ಎಂದುಕೊಂಡು ಬಿಟ್ಟುಬಿಟ್ಟೆ.

ನಾಲ್ಕನೆಯ ಜೇಬು ಕೆಟ್ಟಿತು. ಕತ್ತರಿಸಿ, ಹೊಲಿದು, ಪ್ಯಾಂಟಿಗೆ ಕೂರಿಸಿದ ಮೇಲೆ ನೋಡಿದರೆ ಎರಡು ಜೇಬುಗಳು ಒಂದರ ಪಕ್ಕ ಒಂದು ಇಕ್ಕಟ್ಟಾಗಿ ಕೂತಿದ್ದವು. ಮಿಷನ್ನಿನ ಹೆಂಗಸರು, "ಏನ್ರಿ, ಇವೆರಡೂ ಬೀಗರೇನು, ಇಷ್ಟು ಹತ್ರ ಕುಂತು ಮಾತಾಡಾಕತ್ತಾವ," ಎಂದು ನಕ್ಕರು. ನಾನು ನಗಲಿಲ್ಲ. ಸ್ಕೇಲ್ ತಂದು ರಟ್ಟು ಅಳೆದೆ. ಅರ್ಧ ಇಂಚಿಗಿಂತ ಹೆಚ್ಚು ಅಗಲ ಬಂದಿತ್ತು. ಆ ಆರ್ಡರಿನ ಜೇಬುಗಳನ್ನೆಲ್ಲ ಬಿಚ್ಚಿಸಬೇಕಾಯಿತು. ಮೂರು ಸಲ ಸರಿ ಬಂದಿದೆಯೆಂದು ಅಳೆಯುವುದನ್ನು ಬಿಟ್ಟವಳು ನಾನೇ. ಈಗ ನನ್ನ ಕೈ ನಡುಗಿತೋ, ಕಾಗದ ಸರಿಯಿತೋ, ಯೋಚಿಸಿ ಯೋಚಿಸಿ ತಲೆ ಕೆಟ್ಟಿತು.

ಆಗ ಹೊಳೆಯಿತು: ಬಿಸಿಲು! ನಮ್ಮ ಊರಿನಲ್ಲಿ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವಳು ನಾನು. ಬೆಂಕಿಯಲ್ಲಿ ಕಾಸಿದರೆ ಪಟ್ಟಿ ಹಿಗ್ಗುತ್ತದೆ, ಹಿಗ್ಗಿದ್ದನ್ನು ಚಕ್ರಕ್ಕೆ ತೊಡಿಸಿ ನೀರು ಹಾಕಿದರೆ ಕುಗ್ಗಿ ಗಟ್ಟಿಯಾಗಿ ಕೂರುತ್ತದೆ. ರಾಯದುರ್ಗದ ಬೇಸಿಗೆ, ಮೇಲೆ ತಗಡಿನ ಸೂರು, ಕೈಯಿಟ್ಟರೆ ಬೆಚ್ಚಗೆ ಇರುವ ಟ್ಯಾಬು. ಕಬ್ಬಿಣವೇ ಹಿಗ್ಗುವಾಗ ಗಾಜಿನದೇನು ಎಂದು ಲೆಕ್ಕ ಹಾಕಿ, ಮರುದಿನದಿಂದ ಅದನ್ನು ನೀರಿನ ಗಡಿಗೆಯ ಪಕ್ಕ ಇಡತೊಡಗಿದೆ. ಮಧ್ಯಾಹ್ನ ಒದ್ದೆ ಬಟ್ಟೆ ಹೊದಿಸಿದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಟ್ಯಾಬಿನ ಉದ್ದವನ್ನೇ ಸ್ಕೇಲಿನಲ್ಲಿ ಅಳೆದೆ. ಅದು ಇದ್ದಷ್ಟೇ ಇತ್ತು. ಮಾಸ್ಟರು ನನ್ನನ್ನು ನೋಡಿ, "ಅದಕ್ಕೇನು ಜ್ವರ ಬಂದೈತೇನವಾ?" ಎಂದರು. ನಾನು ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ ಹೊದಿಸಿದೆ.

ಐದನೆಯ ಜೇಬಿಗೆ ಜಾಣತನ ಮಾಡಿದೆ. ಹಿಗ್ಗುವ ಚಾಳಿ ಇದ್ದರೆ ನಾನೇ ಒಳಗೆ ಎಳೆದುಬಿಡೋಣ ಎಂದು ಗೆರೆಯಿಂದ ಕಾಲಿಂಚು ಒಳಗೆ, ಸುತ್ತಲೂ ಪೆನ್ಸಿಲ್ ಓಡಿಸಿದೆ. ಲೆಕ್ಕದ ಮೇಲೆ ಅಷ್ಟು ನಂಬಿಕೆ ಇದ್ದುದರಿಂದ ಈ ಸಲವೂ ರಟ್ಟು ಅಳೆಯಲಿಲ್ಲ. ಆ ದಿನ ಮಾಸ್ಟರು ಬೆಳುಗುಪ್ಪದಲ್ಲಿ ಮದುವೆಯೆಂದು ಬಂದಿರಲಿಲ್ಲ. ಕಟಿಂಗ್ ಆದದ್ದು ಮರುದಿನ. ಈ ಸಲ ಜೇಬು ಎಷ್ಟು ಚಿಕ್ಕದಾಯಿತೆಂದರೆ ಗಂಡಸಿನ ಕೈ ಅದರೊಳಗೆ ಬೆರಳ ಗಿಣ್ಣಿನವರೆಗೆ ಮಾತ್ರ ಹೋಗುತ್ತಿತ್ತು.

ಸಾವ್ಕಾರ್ರು ಬೈಯುವವರಲ್ಲ. ಬೈಯದೇ ಹೇಳುವುದು ಇನ್ನೂ ಕೆಟ್ಟದ್ದು. "ಒಮ್ಮಿ ದೊಡ್ಡದು, ಒಮ್ಮಿ ಸಣ್ಣದು. ಇನ್ನೊಮ್ಮಿ ಹಿಂಗಾದ್ರ ನೀ ದಾರಕ್ಕ ಹೋಗಿಬಿಡವಾ," ಎಂದರು. ನಾನು, "ಗಾಜು ಹಿಗ್ಗತೈತ್ರಿ," ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ಮಿಷನ್ನಿನ ಹಿಂದಿನಿಂದ ಗೊಣಗಿದರು. ಇನ್ನೊಂದು ಅವಕಾಶ, ಅದೂ ಹೋದರೆ ಮತ್ತೆ ಆ ಮೂಲೆ, ಆ ಕಚಕ್ ಕಚಕ್. ಮೇಜು ನೋಡದೆ ಇದ್ದಿದ್ದರೆ ಆ ಮೂಲೆ ಸಹಿಸಬಹುದಿತ್ತು. ಈಗ ಆಗುತ್ತಿರಲಿಲ್ಲ.

ಆ ವಾರ ತವರಿನಲ್ಲಿ ನಾಮಕರಣವಿತ್ತು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋಗುವಷ್ಟು ಹೊತ್ತೂ ಜೇಬಿನದೇ ಯೋಚನೆ. ಅಕ್ಕ ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಮಕ್ಕಳ ತೂಕ, ಎತ್ತರ, ಮೊಟ್ಟೆಯ ಲೆಕ್ಕವನ್ನೆಲ್ಲ ಫೋನಿನಲ್ಲಿ ತುಂಬುವವಳು. ಊಟವಾದ ಮೇಲೆ ಜಗಲಿಯಲ್ಲಿ ಕೂತು ನನ್ನ ಕಥೆ ಹೇಳಿದೆ. ಗಾಡಿಯ ಚಕ್ರದ ತನಕ ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ನಿನ್ನ, ಗಾಜು ಹಿಗ್ಗಲ್ಲ ಕಣೇ. ಒಳಗಿಂದು ಹಿಗ್ತದೆ. ಇಲ್ನೋಡು," ಎಂದು ಫೋನು ತೆಗೆದು ಸೆಟ್ಟಿಂಗ್ಸಿಗೆ ಹೋಗಿ, ಡಿಸ್‌ಪ್ಲೇ ಎಂಬಲ್ಲಿ ಒತ್ತಿ ತೋರಿಸಿದಳು.

ಅಲ್ಲಿ ಒಂದರ ಕೆಳಗೆ ಒಂದು ಎರಡು ಗೆರೆಗಳಿದ್ದವು. ಗೆರೆಯ ಮೇಲೆ ನಾಲ್ಕಾರು ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಸರಿಸಬಹುದಾದ ಒಂದು ಗುಂಡು. ಮೇಲಿನದು ಫಾಂಟ್ ಸೈಜು, ಅದನ್ನು ಸರಿಸಿದರೆ ಅಕ್ಷರ ಮಾತ್ರ ದಪ್ಪವಾಗುತ್ತದೆ. ಕೆಳಗಿನದು ಡಿಸ್‌ಪ್ಲೇ ಸೈಜು, ಅದನ್ನು ಸರಿಸಿದರೆ ಅಕ್ಷರ, ಬಟನ್, ಚಿತ್ರ, ಎಲ್ಲವೂ ಒಟ್ಟಿಗೆ ಹಿಗ್ಗುತ್ತವೆ.

"ನಾನೂ ಒಂದ್ಸಲ ಕೆಳಗಿನ ಗೆರೇನ ಪೂರ್ತಿ ಎಳದ್ಬಿಟ್ಟಿದ್ದೆ," ಎಂದಳು ಅಕ್ಕ. "ಅಕ್ಷರ ಚೆನ್ನಾಗಿ ಕಾಣ್ತಾ ಇತ್ತು. ಆದ್ರೆ ಎಲ್ಲಾ ತುಂಬಿದ್ಮೇಲೆ ಒತ್ತೋಕೆ ಬಟನ್ನೇ ಇಲ್ಲ! ಅದು ಗಾಜಿಂದ ಆಚೆಗೆ ಹೋಗಿ ಕುಂತಿತ್ತು. ಅರ್ಧ ದಿನ ಹುಡುಕ್ದೆ. ಸೂಪರ್‌ವೈಜರ್ರು ಬಂದು ಸರಿ ಮಾಡಿದ್ರು."

ನಾನು ಆ ಗುಂಡನ್ನು ಸರಿಸಿದ್ದೇ ಸರಿಸಿದ್ದು. ಒಂದು ಚುಕ್ಕಿ ಮುಂದೆ, ಒಂದು ಚುಕ್ಕಿ ಹಿಂದೆ. ಪ್ರತಿ ಸಲವೂ ಎಲ್ಲ ಸೇರಿ ಉಸಿರು ಎಳೆದುಕೊಂಡು ಬಿಟ್ಟ ಹಾಗೆ. ಯಾವ ಚುಕ್ಕಿಯ ಮೇಲೂ ಇಂಚು, ಸೆಂಟಿಮೀಟರು ಎಂದು ಬರೆದಿರಲಿಲ್ಲ. ಒಂದು ಕೊನೆಗೆ ಚಿಕ್ಕ ಅಕ್ಷರ, ಇನ್ನೊಂದು ಕೊನೆಗೆ ದೊಡ್ಡ ಅಕ್ಷರ, ಅಷ್ಟೇ. ಹಾಗಾದರೆ ಇದರೊಳಗೆ ಪೂರಾ ಸೈಜು ಎಂದರೆ ಯಾವುದು? ನಮ್ಮ ಪ್ಯಾಂಟಿನ ಸೊಂಟಕ್ಕೆ ಮೂವತ್ತೆರಡು ಎಂದು ಚೀಟಿ ಹೊಲಿದಿರುತ್ತೇವೆ, ಟೇಪು ಹಿಡಿದರೆ ಅದು ಮೂವತ್ತಮೂರಾದರೂ ಇರುತ್ತದೆ. ಇದೂ ಅದೇ ಜಾತಿ ಎನ್ನಿಸಿತು. ಟ್ಯಾಬಿನಲ್ಲಿ ಕೆಲವು ದಿನ ಚಿತ್ರಗಳು ಉಬ್ಬಿದಂತೆ ಕಂಡದ್ದು ಆಗ ನೆನಪಾಯಿತು. ಏನೋ ಅಪ್‌ಡೇಟ್ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಈ ಕಾಲದಲ್ಲಿ ತಿಳಿಯದ್ದಕ್ಕೆಲ್ಲ ನಾವು ಇಟ್ಟಿರುವ ಹೆಸರು ಅಪ್‌ಡೇಟ್.

ಆದರೆ ಒಂದು ಪ್ರಶ್ನೆ ಉಳಿಯಿತು. ಗುಂಡು ತಾನಾಗಿ ಸರಿಯುವುದಿಲ್ಲ. ನಮ್ಮ ಟ್ಯಾಬಿನಲ್ಲಿ ಅದನ್ನು ಸರಿಸುತ್ತಿದ್ದವರು ಯಾರು?

ರಾಯದುರ್ಗಕ್ಕೆ ಮರಳಿದ ದಿನವೇ ನೋಡಿದೆ. ಡಿಸ್‌ಪ್ಲೇ ಸೈಜಿನ ಗುಂಡು ನಾಲ್ಕನೆಯ ಚುಕ್ಕಿಯ ಮೇಲಿತ್ತು. ಅಕ್ಕನ ಫೋನಿನಲ್ಲಿ ಇದ್ದ ಹಾಗೆ ಎರಡನೆಯದಕ್ಕೆ ತಂದಿಟ್ಟೆ. ಮರುದಿನ ಮಧ್ಯಾಹ್ನ ನೋಡಿದರೆ ಮೂರನೆಯದರ ಮೇಲೆ. ಮತ್ತೆ ಎರಡಕ್ಕೆ ತಂದೆ. ಅದರ ಮರುದಿನ ನಾಲ್ಕು. ನನಗೆ ಮೈಯೆಲ್ಲ ಉರಿದುಹೋಯಿತು. ಟ್ಯಾಬು ಮುಟ್ಟುವವರು ಇಬ್ಬರೇ, ನಾನು ಮತ್ತು ಮಾಸ್ಟರು. ನಾನಂತೂ ಸರಿಸಿದ್ದಲ್ಲ. ಹೆಂಗಸು ತಮ್ಮ ಮೇಜಿಗೆ ಬಂದದ್ದು ಅವರಿಗೆ ಸಹಿಸಲಾಗಲಿಲ್ಲ, ನನ್ನನ್ನು ಮತ್ತೆ ದಾರಕ್ಕೆ ಕಳಿಸಲು ಹೀಗೆ ಮಾಡುತ್ತಿದ್ದಾರೆ, ಮೊಳೆಗೆ ಏರಿಸದೆ ಇದ್ದದ್ದೂ ಇದಕ್ಕೇ. ಎಲ್ಲ ಸರಿಯಾಗಿ ಕೂತಿತು. ಸಿಟ್ಟು ಬಂದಾಗ ಎಲ್ಲವೂ ಹೀಗೆಯೇ ಸರಿಯಾಗಿ ಕೂರುತ್ತದೆ.

ಮರುದಿನ ಅರ್ಧ ಗಂಟೆ ಮೊದಲೇ ಹೋದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಮಿಷನ್ನುಗಳು ಇನ್ನೂ ಶುರುವಾಗಿರಲಿಲ್ಲ. ಮಾಸ್ಟರು ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದು ಗುಂಡು ಸರಿಸುತ್ತಿದ್ದರು. ಆಮೇಲೆ ಆಪು ತೆರೆದು ಅಳತೆಯ ಪಟ್ಟಿಯನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳುತ್ತ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅಂಗೈಯಗಲದ ಅಂಕಿಗಳನ್ನು ಬರೆದುಕೊಳ್ಳತೊಡಗಿದರು.

"ಏನ್ ಮಾಡಾಕತ್ತೀರಿ ಮಾಸ್ತರ್ರೀ?" ಎಂದೆ.

ಅವರು ಬೆಚ್ಚಿ ಟ್ಯಾಬು ಕೆಳಗಿಟ್ಟರು. "ಏನಿಲ್ಲವಾ. ಧೂಳ ಒರಸಾಕತ್ತಿದ್ದೆ."

"ಧೂಳ ಒರಸಾಕ ಸೆಟ್ಟಿಂಗ್ಸಿಗೆ ಹೋಗಬೇಕೇನ್ರಿ? ಎರಡು ಸಲ ನನ್ನ ಜೇಬು ಕೆಡಿಸಿದ್ದು ನೀವು. ನಾ ಮೂಲಿಗೆ ಹೋಗ್ಲಿ ಅಂತ ತಾನೆ?"

"ಜೇಬಾ?" ಎಂದರು. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ನಿನ್ನ ಜೇಬು ನಾ ಯಾಕ ಮುಟ್ಟಲಿ? ಅಕ್ಷರ ಅಷ್ಟ ದೊಡ್ಡವ ಮಾಡ್ಕೊಂಡೀನಿ. ನನ್ನ ಫೋನಿಗೆ ಅಂಗಡಿಯಾತ ಹಿಂಗ ಮಾಡಿಕೊಟ್ಟಿದ್ದ, ಅದನ್ನ ನೋಡಿ ಕಲ್ತೆ. ಓದಿ ಮತ್ತ ಇದ್ದಲ್ಲೇ ಇಡ್ತೀನಿ. ಚಿತ್ರ ಹೆಂಗ ಬದಲಾಗ್ತೈತಿ?"

ಮಾತಿಗಿಂತ ಅಳತೆ ವಾಸಿ ಎಂದು ನಾನು ಜೇಬಿನ ಚಿತ್ರ ತೆರೆದು, ಗಾಜಿನ ಮೇಲೆ ಸ್ಕೇಲ್ ಇಟ್ಟು, "ನೋಡ್ರಿ, ನೀವಽ ನೋಡ್ರಿ," ಎಂದೆ. ಅವರು ಬಾಗಿದರು. ಇನ್ನೂ ಬಾಗಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ನೀನಽ ಹೇಳವಾ, ಎಷ್ಟೈತಿ," ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಸ್ಕೇಲಿನ ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಎರಡು ವರ್ಷದಿಂದ ಬಟ್ಟೆಯ ಮೇಲೆ ಅವರ ಸೀಮೆಸುಣ್ಣದ ಅಂಕಿಗಳು ಬೆಳೆಯುತ್ತಲೇ ಬಂದಿದ್ದನ್ನು ನಾನೂ ನೋಡಿದ್ದೆ, ಹಿರಿತನದ ಗತ್ತು ಎಂದುಕೊಂಡಿದ್ದೆ. ಇದ್ದಲ್ಲೇ ಇಡುತ್ತೇನೆ ಎಂದು ಅವರು ಗುಂಡನ್ನು ಅಂದಾಜಿನಲ್ಲಿ ಹಿಂದಕ್ಕೆ ತಳ್ಳುತ್ತಿದ್ದರು, ಅದು ಒಂದು ದಿನ ಎರಡಕ್ಕೆ, ಒಂದು ದಿನ ಮೂರಕ್ಕೆ, ಒಂದು ದಿನ ನಾಲ್ಕಕ್ಕೆ ನಿಲ್ಲುತ್ತಿತ್ತು. ನಾಲ್ಕನೆಯ ಜೇಬು ಅದರಿಂದ ಹಿಗ್ಗಿತು. ಐದನೆಯದನ್ನು ಎಳೆದ ದಿನ ಅವರು ಮದುವೆಗೆ ಹೋಗಿದ್ದರು. ಹೋಗುವ ಮುಂಚಿನ ದಿನ ಗುಂಡು ಅದೃಷ್ಟಕ್ಕೆ ಸರಿಯಾದ ಚುಕ್ಕಿಗೇ ನಿಂತಿದ್ದಿರಬೇಕು. ಆ ದಿನ ಎಲ್ಲ ಸರಿಯಾಗಿತ್ತು, ಒಳಗೆ ಎಳೆದು ಕೆಡಿಸಿದವಳು ನಾನೇ.

ನಾನು ಹೇಳಿದ ಅಂಕಿ ಕೇಳಿ ಅವರು ಮೇಜಿನ ಅಂಚಿಗೆ ಒರಗಿದರು. "ಇದು ನಮ್ಮಿಬ್ಬರಾಗ ಇರ್ಲಿ ತಂಗಿ. ಕಣ್ಣಿಲ್ದವನ ಕೈಗೆ ಮಿಷನ್ ಯಾರು ಕೊಡ್ತಾರ?" ಎಂದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು, "ಅಲ್ಲವಾ, ಇದರಾಗ ಚೌಕ ಹಾಕಿಲ್ಲೇನು?"

"ಯಾವ ಚೌಕ್ರಿ?"

"ಮುಂಚೆ ಕಾಗದದ ಪ್ಯಾಟರ್ನು ಬರ್ತಿದ್ವಲ್ಲ, ಮೂಲ್ಯಾಗ ಒಂದಿಂಚಿನ ಚೌಕ ಇರ್ತಿತ್ತು. ಝೆರಾಕ್ಸ್ ಮಾಡುವಾಗ ಹಿಗ್ಗಿತೋ ಕುಗ್ಗಿತೋ ಅಂತ ಮೊದಲು ಅದನ್ನ ಅಳದು ನೋಡ್ತಿದ್ವಿ. ಇದರಾಗ ನನಗ ಕಾಣವಲ್ದು. ಈಗಿನವರು ಬಿಟ್ಟಾರ ಅನ್ಕೊಂಡೆ."

ಮೊದಲ ದಿನ ನಾನು ಶ್ರದ್ಧೆಯಿಂದ ಇಳಿಸಿ, ಮುದ್ರೆ ಎಂದುಕೊಂಡು ಬಿಟ್ಟ ಚೌಕ! ನನಗೆ ಅದು ಕಾಣುತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಅವರಿಗೆ ಏನೆಂದು ಗೊತ್ತಿತ್ತು, ಕಾಣುತ್ತಿರಲಿಲ್ಲ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ನಿಂತು ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಾನು ಬಸ್ಸು ಬದಲಿಸಿ ಮಡಕಶಿರಾದವರೆಗೆ ಹೋಗಿ ಬಂದಿದ್ದೆ. ಚೌಕದ ಮೇಲೆ ಸ್ಕೇಲ್ ಇಟ್ಟೆ. ಒಂದಿಂಚನ್ನು ದಾಟಿ ಮುಂದೆ ಹೋಗಿತ್ತು. ಗುಂಡನ್ನು ಒಂದೊಂದೇ ಚುಕ್ಕಿ ಹಿಂದಕ್ಕೆ ತಂದೆ. ಎರಡನೆಯ ಚುಕ್ಕಿಗೆ ಬಂದಾಗ ಚೌಕ ಸರಿಯಾಗಿ ಒಂದಿಂಚಿಗೆ ಕೂತಿತು. ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಮೊದಲು ಮೇಲಿನ ಗೆರೆಯನ್ನಷ್ಟೇ ಸರಿಸಿ ನೋಡಿದೆ, ಅಕ್ಷರ ಮಾತ್ರ ಬೆಳೆದರೆ ಅವರಿಗೂ ಅನುಕೂಲ, ಜೇಬಿಗೂ ಕೇಡಿಲ್ಲ ಎಂದು. ಟ್ಯಾಬಿನ ಉಳಿದ ಅಕ್ಷರಗಳೆಲ್ಲ ದಪ್ಪವಾದವು, ಬಳ್ಳಾರಿಯವರ ಆಪು ಮಾತ್ರ ಜಪ್ಪಯ್ಯ ಅಂದರೂ ಕೇಳಲಿಲ್ಲ. ಅದರ ಅಳತೆಯ ಪಟ್ಟಿ ಇದ್ದಷ್ಟೇ ಸಣ್ಣ. ಹಾಗಾಗಿ ಒಪ್ಪಂದ ಮಾಡಿಕೊಂಡೆವು. ಅವರು ಬೆಳಿಗ್ಗೆ ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಂಡು ಓದಲಿ, ನಾನು ಕಾಗದ ಇಡುವ ಮೊದಲು ಚೌಕ ಅಳೆದು ಸರಿ ಮಾಡಿಕೊಳ್ಳುತ್ತೇನೆ. ಮಾತು ಮುಗಿದ ಮೇಲೆ ಅವರು ಕಟಿಂಗ್ ಮಿಷನ್ ಎತ್ತಿಕೊಂಡರು. ಆ ದಿನವಿಡೀ ಬ್ಲೇಡಿನ ಹತ್ತಿರವಿದ್ದ ಅವರ ಎಡಗೈ ಬೆರಳುಗಳಿಂದ ನನ್ನ ಕಣ್ಣು ಕೀಳಲಾಗಲಿಲ್ಲ.

ಆರನೆಯ ಜೇಬು ಅಚ್ಚುಕಟ್ಟಾಗಿ ಬಂತು. ಸಾವ್ಕಾರ್ರು ಬಂದು ಅಳೆದು, ಪ್ಯಾಂಟಿನ ಮೇಲಿಟ್ಟು ನೋಡಿ ತಲೆಯಾಡಿಸಿದರು. ನಾನು ಉಸಿರು ಬಿಡುವಷ್ಟರಲ್ಲಿ, "ಅವೆರಡು ಸಲ ಏನಾಗಿತ್ತು?" ಎಂದರು.

ನಾನು ಮೇಜಿನ ಮೇಲಿನ ಕಾಗದದ ಚೂರುಗಳನ್ನು ಒಟ್ಟು ಮಾಡತೊಡಗಿದೆ.

"ಕಾರಣ ಗೊತ್ತಿಲ್ದ ಸರಿ ಹೋದದ್ದು ಮತ್ತ ಕೆಡ್ತೈತವಾ. ಹೇಳಿದ್ರ ಇರು. ಇಲ್ಲಾಂದ್ರ ಮೇಜಿಗೆ ಬ್ಯಾರೆಯವರನ್ನ ನೋಡ್ತೀನಿ."

ಅವರ ಮಾತು ಅನ್ಯಾಯದ್ದಲ್ಲ. ಅದೇ ನನಗೆ ಕಷ್ಟವಾಯಿತು. ನಾನೇನು ಋಷಿಪತ್ನಿಯಲ್ಲ. ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಮೇಜು ನನ್ನದು, ಹೇಳದಿದ್ದರೆ ದಾರದ ಮೂಲೆ ನನ್ನದು. "ರೀ, ಅದು..." ಎಂದು ಬಾಯಿ ತೆರೆದೆ. ಮುಂದೆ ಏನು ಹೇಳುತ್ತಿದ್ದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಮಾಸ್ಟರು ಕಟಿಂಗ್ ಮಿಷನ್ ನಿಲ್ಲಿಸಿದರು. "ಆಕೀನ ಕೇಳಬ್ಯಾಡ್ರಿ. ಮೊದಲು ಕೆಟ್ಟದ್ದು ನನ್ನಿಂದ. ನನಗ ಸಣ್ಣ ಅಕ್ಷರ ಕಾಣವಲ್ವು. ದೊಡ್ಡವ ಮಾಡಾಕ ಹೋಗಿ ಜೇಬೂ ದೊಡ್ಡದು ಮಾಡೀನಿ," ಎಂದರು.

ಹದಿನಾಲ್ಕು ಮಿಷನ್ನುಗಳಲ್ಲಿ ಒಂದೂ ಓಡುತ್ತಿರಲಿಲ್ಲ. ಸಾವ್ಕಾರ್ರು ಗೋಡೆಯ ಹತ್ತಿರ ಹೋಗಿ ಕಟಿಂಗ್ ಮಿಷನ್ನಿನ ವೈರು ಕಿತ್ತರು. "ಮಾಸ್ತರ್ರೀ, ಬೆರಳು ಹೋಗಿದ್ರ ಏನ್ ಮಾಡ್ತಿದ್ರಿ? ಕಣ್ಣು ತೋರ್ಸಿ ಬರ್ರಿ. ಅಲ್ಲೀತನಕ ಇದನ್ನ ಮುಟ್ಟಬ್ಯಾಡ್ರಿ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. ಮಾಸ್ಟರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ಮೇಜು ನನಗೆ ಉಳಿಯಿತು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚದೆ ಮನೆಗೆ ತಂದೆ. ನಾನು ಹೇಳಲಿಲ್ಲ ನಿಜ, ಆದರೆ ಅವರು ಹೇಳುವಾಗ ತಡೆಯಲೂ ಇಲ್ಲ. ಅತ್ತೆಗೆ ಹೇಳಿದರೆ, "ನೀ ಏನ್ ಮಾಡಿದ್ಯವಾ, ಕಣ್ಣಾಗ ಪೊರಿ ಬಂದಿರಬೇಕು, ಹೆಂಗಿದ್ರೂ ತಗಸಬೇಕಿತ್ತು," ಎಂದರು. ಅದೂ ನಿಜವೇ.

ಬಳ್ಳಾರಿಯಲ್ಲಿ ಪೊರೆ ತೆಗೆದರಂತೆ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಆ ದಿನಗಳಲ್ಲಿ ಪಕ್ಕದ ಶೆಡ್ಡಿನವರೊಬ್ಬರು ಬಂದು ಬಟ್ಟೆ ಕತ್ತರಿಸಿಕೊಟ್ಟು ಹೋಗುತ್ತಿದ್ದರು. ನಾನು ಪ್ರತಿ ಬೆಳಿಗ್ಗೆ ಚೌಕ ಅಳೆಯುತ್ತಿದ್ದೆ. ಗುಂಡು ಎರಡನೆಯ ಚುಕ್ಕಿ ಬಿಟ್ಟು ಸರಿಯುತ್ತಲೇ ಇರಲಿಲ್ಲ. ಸರಿದಿದ್ದರೆ ಚೆನ್ನಾಗಿತ್ತು ಎಂದು ಒಂದೆರಡು ಸಲ ಅನ್ನಿಸಿದ್ದುಂಟು.

ಅವರು ಮರಳಿ ಬಂದದ್ದು ಕಪ್ಪು ಕನ್ನಡಕ ಹಾಕಿಕೊಂಡು. ಎಲ್ಲರೂ ಕಣ್ಣು ಹೇಗಿದೆ ಎಂದು ಕೇಳುತ್ತಿದ್ದರೆ ಅವರು ಕನ್ನಡಕ ತೆಗೆದು ನೇರವಾಗಿ ಟ್ಯಾಬಿನ ಹತ್ತಿರ ಬಂದರು. ಚಿತ್ರ ತೆರೆದು, "ಸ್ಕೇಲ್ ಕೊಡವಾ," ಎಂದು ಇಸಿದುಕೊಂಡು, ತಾವೇ ಚೌಕದ ಮೇಲಿಟ್ಟು, ಬಾಗದೆಯೇ, "ಒಂದಿಂಚು," ಎಂದರು. ದನಿ ಮಗುವಿನದರ ಹಾಗಿತ್ತು. ಆಮೇಲೆ ಬಗ್ಗಿ ಮೇಜಿನ ಕೆಳಗೆ ದಾರ ಕಟ್ಟಿಟ್ಟಿದ್ದ ನನ್ನ ರಟ್ಟುಗಳ ಕಟ್ಟು ತೆಗೆದರು. ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇವನ್ನೆಲ್ಲ ನೀನಽ ಎಳದೀಯೇನು?"

"ಹೌದ್ರಿ."

"ಗೆರಿ ನಡುಗ್ಯಾವಲ್ಲವಾ."

ನನಗೆ ರೇಗಿತು. "ಇಷ್ಟು ದಿನ ಹೂಂ ಅಂತಿದ್ರಲ್ರಿ. ಒಮ್ಮೆನೂ ಹೇಳ್ಲಿಲ್ಲ."

"ಇಷ್ಟು ದಿನ ಎಲ್ಲಿ ಕಂಡಿದ್ವು? ಕಾಣದ್ದನ್ನ ಮೊಳಿಗೆ ಹೆಂಗ ಹಾಕ್ಲಿ? ಅದಕ್ಕಽ ಕಟ್ಟಿ ಕೆಳಗಿಟ್ಟಿದ್ದೆ," ಎಂದರು.

ಮೊಳೆಗೆ ಏರಿಸದ ಸಿಟ್ಟನ್ನು ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡು ತಿರುಗಿದವಳಿಗೆ ಈಗ ಅದನ್ನು ಎಲ್ಲಿ ಇಳಿಸುವುದೋ ತಿಳಿಯಲಿಲ್ಲ. ಕಟ್ಟಿನಲ್ಲಿ ಕೊನೆಗೆ ಉಳಿದದ್ದು, ಅವರು ಹೋದ ಮೇಲೆ ನಾನೇ ಸೇರಿಸಿಟ್ಟಿದ್ದ ಆರನೆಯ ಜೇಬಿನ ರಟ್ಟು. ಅದನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಗೋಡೆಯ ಕಡೆ ತಿರುಗಿ, ಒಂದು ಮೊಳೆಯಿಂದ ತಮ್ಮದೇ ಹಳೆಯ ಜೇಬಿನ ರಟ್ಟು ತೆಗೆದು, ನನ್ನದಕ್ಕೆ ತೂತು ಹೊಡೆದು ಅಲ್ಲಿ ತೂಗುಹಾಕಿದರು. ಉಳಿದ ರಟ್ಟುಗಳನ್ನು ನನ್ನ ಮುಂದೆ ಸರಿಸಿದರು.

"ಇವನ್ನ ಮತ್ತ ಎಳಿ. ನಾ ನೋಡ್ಕೋತ ಕುಂದರ್ತೀನಿ," ಎಂದು ಸ್ಟೂಲು ಎಳೆದುಕೊಂಡು ಕೂತರು.

ನಾನು ಚೌಕ ಅಳೆದೆ, ಬಟರ್ ಪೇಪರ್ ಹಾಸಿದೆ, ನಾಲ್ಕು ಮೂಲೆಗೆ ಅಂಟುಪಟ್ಟಿ ಹಾಕಿ ಪೆನ್ಸಿಲ್ ಇಟ್ಟೆ. ಆ ದಿನ ಎಳೆದ ಗೆರೆಯಷ್ಟು ನಡುಗಿದ ಗೆರೆಯನ್ನು ನಾನು ಇನ್ನೊಂದು ಎಳೆದಿಲ್ಲ.